ಮಗುವನ್ನು ಗಾಳಿಗೆ ಬಿಡುವ ಮೂರು ವಾಕ್ಯ

ನಮ್ಮೂರಿನ ಮಕ್ಕಳಿಗೆಲ್ಲ ಗಾಳಿ ಅಂಗಿ ಹೊಲಿದುಕೊಡುವವನು ನಾನು. ಹೆಸರು ಮಹಾಲಿಂಗ. ಅವ್ವನ ಬಾಯಲ್ಲಿ ಮಾಲಿಂಗ, ಊರವರ ಬಾಯಲ್ಲಿ ಅಂಗಿ ಮಾಲಿಂಗಣ್ಣ. ಇಷ್ಟು ವರ್ಷದಲ್ಲಿ ಎಷ್ಟು ಅಂಗಿ ಹೊಲಿದಿದ್ದೇನೋ ನನಗೇ ನೆನಪಿಲ್ಲ, ಆದರೆ ಒಂದನ್ನಾದರೂ ತೊಟ್ಟು ಅಂಚಿನಿಂದಾಚೆಗೆ ಕಾಲಿಟ್ಟವನಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಅಂಗಡಿಗೆ ಬರುವ ಹೊಸಬರು ಮೊದಲು ಕೇಳುವುದೇ ಅದನ್ನು: "ಚಿಕ್ಕವರಿದ್ದಾಗ ನೀವೆಷ್ಟು ಸಲ ಹೋಗಿದ್ರಿ ಮಾಲಿಂಗಣ್ಣ?" ಆಗ ನಾನು ತುಟಿಯಲ್ಲಿ ಎರಡು ಗುಂಡುಸೂಜಿ ಕಚ್ಚಿಕೊಂಡು, ಮಾತಾಡಲಾಗದವನಂತೆ ಸುಮ್ಮನೆ ತಲೆಯಾಡಿಸುತ್ತೇನೆ. ಗುಂಡುಸೂಜಿಯಿಂದ ನನಗಾಗಿರುವ ಉಪಕಾರ ಅಷ್ಟಿಷ್ಟಲ್ಲ.

ಊರಿನ ಪಡುವಣದಲ್ಲಿ ಬಂಡೆ ಮುಗಿಯುವ ಜಾಗಕ್ಕೆ ನಾವು ಅಂಚು ಅನ್ನುತ್ತೇವೆ. ಅದರಾಚೆ ಕಣಿವೆ. ಶಿವರಾತ್ರಿಯ ಮರುದಿನದಿಂದ ಯುಗಾದಿಯವರೆಗೆ ದಿನವೂ ಮಧ್ಯಾಹ್ನ ಮೂರಕ್ಕೆ ಕಣಿವೆಯಿಂದ ಗಾಳಿ ಎದ್ದು ಬರುತ್ತದೆ. ಬಾಯಲ್ಲಿ ಒಂದಾದರೂ ಹಾಲುಹಲ್ಲು ಉಳಿದಿರುವ ಮಕ್ಕಳನ್ನು ಅದು ಹೊತ್ತುಕೊಳ್ಳುತ್ತದೆ. ಕೊನೆಯ ಹಾಲುಹಲ್ಲು ಬಿದ್ದವರನ್ನು ಹೊರುವುದಿಲ್ಲ. ಮಕ್ಕಳು ಅಂಚಿನಿಂದ ಓಡಿಹೋಗಿ ಹಾರಿ, ತೋಳು ಬಿಡಿಸಿ, ನಾಲ್ಕೂವರೆಯವರೆಗೆ ಮೇಲೆ ಕೆಳಗೆ ಈಜಾಡಿ, ಗಾಳಿ ಸಣ್ಣಗಾಗುವ ಹೊತ್ತಿಗೆ ಬಂಡೆಯ ಹಿಂದಿನ ಹುಲ್ಲಿನಲ್ಲಿ ಇಳಿದು, ಹಸಿವು ಹಸಿವು ಎಂದು ಮನೆಗೆ ಓಡುತ್ತಾರೆ. ಆ ಒಂದು ತಿಂಗಳು ಶಾಲೆ ಬೆಳಗ್ಗೆ ಮಾತ್ರ. ಯಾವ ಮನೆಗೆ ಹೋದರೂ ಹಲ್ಲಿನದೇ ಮಾತು. ಬೇರೆ ಕಡೆ ಹಲ್ಲು ಬಿದ್ದರೆ ಮಕ್ಕಳು ಹಿಗ್ಗುತ್ತಾರಂತೆ. ನಮ್ಮಲ್ಲಿ ಕೊನೆಯ ಹಲ್ಲು ಬಿದ್ದ ದಿನ ಮಗು ಊಟ ಬಿಟ್ಟು ಮೂಲೆ ಹಿಡಿಯುತ್ತದೆ, ಮನೆಯವರು ಪಾಯಸ ಮಾಡಿ ರಮಿಸುತ್ತಾರೆ. ಅಲ್ಲಾಡುವ ಹಲ್ಲನ್ನು ಪಕ್ಕದ ಹಲ್ಲಿಗೆ ದಾರದಿಂದ ಕಟ್ಟಿಕೊಂಡು ಬರುವ ಘಾಟಿ ಮಕ್ಕಳೂ ಇದ್ದಾರೆ. ಅಂಚಿನ ಕಚೇರಿಯ ಪುಟ್ಟಮಾದಯ್ಯನವರು ಅಂಥ ದಾರವನ್ನು ದೂರದಿಂದಲೇ ಪತ್ತೆಹಚ್ಚಿ ಮನೆಗೆ ಅಟ್ಟುತ್ತಾರೆ.

ಹಲ್ಲಿದ್ದರೆ ಸಾಲದು, ಹೆತ್ತವರ ಒಪ್ಪಿಗೆಯೂ ಬೇಕು. ಹಿಂದೆ ಅದಕ್ಕೊಂದು ಕಾಗದವಿತ್ತು. ಅದನ್ನು ಯಾರೂ ಓದುತ್ತಿರಲಿಲ್ಲ. ಎಲ್ಲಿ ಸಹಿ, ಎಲ್ಲಿ ಸಹಿ ಎಂದು ಕೇಳಿ, ಗೀಚಿ, ಮಗುವಿನ ಬೆನ್ನು ತಟ್ಟಿ ಹರಟೆಗೆ ನಿಲ್ಲುತ್ತಿದ್ದರು. ನಾಗವೇಣಿ ಬಿದ್ದ ಮೇಲೆ ಅದೆಲ್ಲ ಬದಲಾಯಿತು. ಅವಳು ವಾಚು ರಿಪೇರಿಯ ಅನಂತರಾಮಯ್ಯನವರ ಮಗಳು. ಗಾಳಿಯಲ್ಲಿದ್ದಾಗಲೇ ಅವಳ ಕೊನೆಯ ಹಲ್ಲು ಕಳಚಿತು. ಮಣ್ಣು ಮಾಡಿ ಬಂದ ಮೇಲೆ ಅನಂತರಾಮಯ್ಯನವರು ಕಚೇರಿಗೆ ಹೋಗಿ ಕೂಗಾಡಿದರು. ಕಚೇರಿಯವರು ಅವರದೇ ಸಹಿ ಇದ್ದ ಕಾಗದವನ್ನು ಅವರ ಮುಂದೆ ಹಿಡಿದರು. ಊರನ್ನು ದೂರುವಂತಿಲ್ಲ, ಕಚೇರಿಯನ್ನು ದೂರುವಂತಿಲ್ಲ, ಅಂಗಿ ಹೊಲಿದವರನ್ನು ದೂರುವಂತಿಲ್ಲ. ಉಳಿದವರು ಅವರೊಬ್ಬರೇ. ತಮ್ಮನ್ನೇ ದೂರಿಕೊಂಡು ದೂರಿಕೊಂಡು ಒಂದೇ ವರ್ಷದಲ್ಲಿ ಆ ಮನುಷ್ಯ ಸವೆದುಹೋದರು. ಆಗ ಊರ ಹಿರಿಯರು ಕೂತು ಒಪ್ಪಿಗೆಗೆ ಮೂರನೆಯ ವಾಕ್ಯವೊಂದನ್ನು ಸೇರಿಸಿದರು. ಇನ್ನು ಮೇಲೆ ಸಹಿ ಬೇಡ, ಮಗುವಿನ ಎದುರಿಗೇ ಬಾಯಿಬಿಟ್ಟು ಹೇಳಬೇಕು ಎಂದೂ ಗೊತ್ತುಮಾಡಿದರು.

ಆ ಮೂರು ವಾಕ್ಯ ಹೀಗಿವೆ: "ನನ್ನ ಮಗುವನ್ನು ನಾನು ನನ್ನ ಇಷ್ಟದಿಂದ ಗಾಳಿಗೆ ಬಿಡುತ್ತಿದ್ದೇನೆ. ಏನಾದರೂ ಆದರೆ ಊರನ್ನಾಗಲಿ, ಕಚೇರಿಯನ್ನಾಗಲಿ, ಅಂಗಿ ಹೊಲಿದವರನ್ನಾಗಲಿ, ಗಾಳಿಯನ್ನಾಗಲಿ ದೂರುವುದಿಲ್ಲ. ನನ್ನನ್ನೂ ನಾನು ದೂರಿಕೊಳ್ಳುವುದಿಲ್ಲ." ಮಗುವಿನ ಹೆಸರು ಹಿಡಿದು, ಎಲ್ಲೂ ನಿಲ್ಲದೆ ಹೇಳಬೇಕು. ತಡವರಿಸಿದರೆ ಆ ದಿನಕ್ಕೆ ಮುಗಿಯಿತು, ಇನ್ನೊಂದು ದಿನ ಬರಬೇಕು. ಮೂರು ಸಲ ತಡವರಿಸಿದರೆ ಆ ಮಗುವಿಗೆ ಇನ್ನೆಂದೂ ಗಾಳಿಯಿಲ್ಲ. ಇನ್ನೊಂದು ಕಟ್ಟಳೆಯೂ ಇದೆ. ಹೋಗುತ್ತೇನೆ ಎಂಬ ಮಾತು ಮಗುವಿನ ಬಾಯಿಂದ ಬರಬೇಕೇ ಹೊರತು ಹೆತ್ತವರು ಅದರ ಸುದ್ದಿ ಎತ್ತುವಂತಿಲ್ಲ.

ಆ ವಾಕ್ಯ ಬಂದ ಮೊದಲ ವರ್ಷ ನನಗೆ ಹತ್ತು ತುಂಬಿತ್ತು, ಹೋಗುತ್ತೇನೆ ಎಂದು ನಾನು ಬಾಯಿಬಿಟ್ಟದ್ದೂ ಆ ವರ್ಷವೇ ಮೊದಲು. ಅಪ್ಪ ಆಗಲೇ ತೀರಿಕೊಂಡಿದ್ದರು. ಈಗ ನಾನು ತುಳಿಯುವ ಹೊಲಿಗೆ ಯಂತ್ರವನ್ನು ಆಗ ತುಳಿಯುತ್ತಿದ್ದವಳು ನನ್ನ ಅವ್ವ, ದೊಡ್ಡತಾಯಮ್ಮ. ನನಗೆ ಕೆಂಪು ಪಾಪ್ಲಿನ್‌ನಲ್ಲಿ ಅಂಗಿ ಹೊಲಿದಳು. ತೋಳಿನ ತುದಿಯಿಂದ ಕಾಲಿನ ಗಿಣ್ಣಿನವರೆಗೆ ಅಗಲವಾಗಿ ಬಟ್ಟೆ ಬಿಟ್ಟು, ಎರಡೆರಡು ಸಲ ಹೊಲಿಗೆ ಹಾಕಿದ್ದಳು. ಅದನ್ನು ತೊಟ್ಟು ಕಚೇರಿಯ ಮುಂದೆ ಅವಳ ಪಕ್ಕದಲ್ಲಿ ನಿಂತೆ. ಮೊದಲನೆಯ ವಾಕ್ಯ ಹೇಳಿದಳು. ಎರಡನೆಯದನ್ನೂ ಹೇಳಿದಳು. ಮೂರನೆಯದಕ್ಕೆ ಬಾಯಿ ತೆರೆದವಳು ಹಾಗೆಯೇ ನಿಂತುಬಿಟ್ಟಳು. ಒಂದು ದಿನವಲ್ಲ, ಮೂರು ದಿನವೂ ಅದೇ ಜಾಗದಲ್ಲಿ. ಕೊನೆಯ ದಿನ ನನ್ನ ಗೆಳೆಯರೆಲ್ಲ ಆಗಲೇ ಮೇಲಿದ್ದರು, ನನ್ನ ಹೆಸರು ಹಿಡಿದು ಕೂಗುತ್ತಿದ್ದರು. ನಾನು ಅವ್ವನ ಜೊತೆ ಹನ್ನೊಂದು ದಿನ ಮಾತು ಬಿಟ್ಟೆ. ಆಮೇಲೆ ಆಡಿದೆ, ಹಸಿವು ಯಾರನ್ನು ಬಿಡುತ್ತದೆ? ಆದರೆ ಗಾಳಿಯ ಮಾತು ಮಾತ್ರ ನಮ್ಮಿಬ್ಬರ ನಡುವೆ ಮೂವತ್ತೊಂದು ವರ್ಷ ಬರಲಿಲ್ಲ.

ಮರೆತೆ ಎಂದು ಹೇಳಿದರೆ ಸುಳ್ಳಾದೀತು. ಅಳತೆ ಕೊಡಲು ಬಂದ ಮಕ್ಕಳನ್ನು ನಾನು ಸುಮ್ಮನೆ ಕಳಿಸುವವನಲ್ಲ. ಭುಜಕ್ಕೆ ಟೇಪು ಹಿಡಿದುಕೊಂಡೇ, ಮೇಲೆ ಹೋದಾಗ ಕಿವಿಯಲ್ಲಿ ಏನು ಕೇಳುತ್ತದೆ, ಹೊಟ್ಟೆಯೊಳಗೆ ಏನಾಗುತ್ತದೆ ಎಂದು ಕೆದಕುತ್ತೇನೆ. ಒಬ್ಬಳು ಕಚಗುಳಿ ಅಂದಳು. ಇನ್ನೊಬ್ಬ ಯೋಚಿಸಿ, "ಏನೂ ಆಗಲ್ಲ ಮಾಮ, ನಾವು ಇದ್ದೀವಿ ಅಂತ್ಲೇ ಗೊತ್ತಾಗಲ್ಲ" ಅಂದ. ಆ ಮಾತನ್ನು ಒಂದು ವರ್ಷವಿಡೀ ಮನಸ್ಸಿನಲ್ಲಿ ಇಟ್ಟುಕೊಂಡು ಓಡಾಡಿದೆ. ಗಿರಾಕಿಗಳಿಲ್ಲದ ಹೊತ್ತು ನೋಡಿ ಯಂತ್ರದ ಮುಂದೆ ಕಣ್ಣುಮುಚ್ಚಿ ತೋಳು ಬಿಡಿಸಿಕೊಂಡು ಕೂತದ್ದೂ ಉಂಟು. ಒಂದು ಸಲ ಹೆಂಡತಿ ನೋಡಿ, ಬೆನ್ನು ಹಿಡಿದಿದೆ ಎಂದುಕೊಂಡು ಎಣ್ಣೆ ಬಿಸಿಮಾಡಿ ತಂದಳು.

ಹೆಂಡತಿ ಕಸ್ತೂರಿ ಬಯಲುಸೀಮೆಯ ಊರಿನವಳು. ನಮ್ಮ ಮಗಳು ಚಾರುಮತಿಗೆ ಏಳು ತುಂಬಿದಾಗಿನಿಂದ ಪ್ರತಿ ಶಿವರಾತ್ರಿಗೂ ಅವಳ ಅಳತೆಯ ಒಂದು ನೀಲಿ ಅಂಗಿ ಹೊಲಿದು ಅಂಗಡಿಯ ಬಾಗಿಲಲ್ಲೇ ತೂಗುಹಾಕುತ್ತಿದ್ದೆ. ಬಾಯಿಬಿಟ್ಟು ಹೇಳಬಾರದು ಎಂದಿದೆ, ತೂಗುಹಾಕಬಾರದು ಎಂದೇನಿಲ್ಲವಲ್ಲ! ಮಗಳು ಅದರ ಕೆಳಗೇ ತಲೆ ತಗ್ಗಿಸಿ ಶಾಲೆಗೆ ಹೋಗಿಬರುತ್ತಿದ್ದಳು. ಮೊದಲಿಂದಲೂ ಪುಕ್ಕಲಿ, ಜೋಕಾಲಿ ಕಂಡರೂ ಹಿಂದೆ ಸರಿಯುವವಳು. ನಾಲ್ಕು ವರ್ಷ ಕಳೆಯಿತು, ನಾಲ್ಕು ಅಂಗಿ ಬೇರೆ ಮಕ್ಕಳ ಪಾಲಾಯಿತು. ಹಲ್ಲುಗಳು ಒಂದೊಂದಾಗಿ ಉದುರಿ, ಎಡಗಡೆಯ ಮೇಲಿನ ದವಡೆಯಲ್ಲಿ ಒಂದೇ ಒಂದು ಉಳಿಯಿತು. ಆ ಒಂದು ಹಲ್ಲಿಗಾಗಿ ನಾನು ಹರಕೆ ಹೊರುವುದೊಂದು ಬಾಕಿ.

ಈ ವರ್ಷ, ಯುಗಾದಿಗೆ ಇನ್ನು ಐದು ದಿನ ಇದ್ದಾಗ, ಅವಳು ಬಂದು ನನ್ನ ಮೇಜಿನ ಪಕ್ಕ ನಿಂತಳು. ನಾಲಿಗೆಯಿಂದ ಹಲ್ಲನ್ನು ಒತ್ತುತ್ತ, "ಅಪ್ಪಾ, ನಾನು ಗಾಳಿಗೆ ಹೋಗ್ತೀನಿ" ಅಂದಳು. "ಭಯ ಆಗಲ್ವೇನೇ?" ಅಂದೆ. "ಆಗುತ್ತೆ. ಆದ್ರೆ ಹಲ್ಲು ಅಲ್ಲಾಡ್ತಿದೆ" ಅಂದಳು. ಇಸ್ತ್ರಿಪೆಟ್ಟಿಗೆಯ ಕೆಳಗೆ ಯಾರದೋ ಕಾಲರು ಸುಟ್ಟುಹೋಯಿತು.

"ನಮ್ಮೂರಾಗ ಹುಡುಗ್ರು ಭಾಳಂದ್ರ ಬೇವಿನ ಗಿಡಾ ಏರ್ತಾರ" ಅಂದಳು ಕಸ್ತೂರಿ. "ಗಾಳಿ ಏರೂದು ನಾ ಎಲ್ಲೂ ಕೇಳಿಲ್ಲ. ಬೇಕಾದ್ರ ನೀವ ಹೇಳ್ರಿ. ನನ್ನ ಬಾಯಾಗ ಅಂಥಾ ಮಾತು ಬರಂಗಿಲ್ಲ." ನಾನು ನಕ್ಕೆ. ನನಗೇನು ಕಷ್ಟ? ಆ ಮೂರು ವಾಕ್ಯ ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಹೇಳುತ್ತಿದ್ದೆ. ಅವ್ವ ಒಳಗೆ ಅವರೆಕಾಳು ಬಿಡಿಸುತ್ತ ಕೂತಿದ್ದಳು.

ಮರುದಿನ ಮಗಳಿಗೆ ಅಂಗಿ ತೊಡಿಸಿಕೊಂಡು ಜಂಬದಿಂದಲೇ ಹೋದೆ. ಪುಟ್ಟಮಾದಯ್ಯನವರು ಅವಳ ಹಲ್ಲನ್ನು ಕರವಸ್ತ್ರದಲ್ಲಿ ಹಿಡಿದು ಮೆತ್ತಗೆ ಎಳೆದರು. ಎಳೆದಾಗ ಬಾರದ ಹಲ್ಲು ಆ ದಿನದ ಮಟ್ಟಿಗೆ ನಿಲ್ಲುತ್ತದೆ ಎಂಬುದು ನಾಗವೇಣಿಯ ನಂತರ ಅವರು ಮಾಡಿಕೊಂಡ ಪರೀಕ್ಷೆ. "ಇದೆ. ಹೇಳಿ" ಅಂದರು. ಮೊದಲನೆಯದನ್ನು ಸರಾಗವಾಗಿ ಹೇಳಿದೆ. ಎರಡನೆಯದರಲ್ಲಿ, ಅಂಗಿ ಹೊಲಿದವರನ್ನಾಗಲಿ ಎಂದು ಹೇಳುವಾಗ, ಕಣ್ಣು ತಾನಾಗಿ ಮಗಳ ತೋಳಿನ ಹೊಲಿಗೆಯ ಮೇಲೆ ಹೋಯಿತು. ಹೊಲಿದವನು ನಾನು, ಹೆತ್ತವನು ನಾನು, ಬಾಗಿಲಲ್ಲಿ ನಾಲ್ಕು ವರ್ಷ ಆಸೆ ತೂಗುಹಾಕಿದವನೂ ನಾನೇ. ಅವಳು ಕತ್ತೆತ್ತಿ ನನ್ನನ್ನೇ ನೋಡುತ್ತಿದ್ದಳು. "ನನ್ನನ್ನೂ" ಅಂದೆ. ಮುಂದಿನ ಮಾತು ಗೊತ್ತಿತ್ತು, ಹೊರಗೆ ಬರಲೊಲ್ಲದು. ಸುತ್ತಲಿದ್ದವರೆಲ್ಲ ಕಾದರು. "ಒಂದಾಯ್ತು ಮಾಲಿಂಗಣ್ಣ" ಅಂದರು ಪುಟ್ಟಮಾದಯ್ಯ. ಮಗಳು ತಕರಾರು ಮಾಡದೆ ಅಂಗಿ ಬಿಚ್ಚಿ ಮಡಿಸಿಕೊಂಡಳು. ಅವಳು ಜಗಳವಾಡಿದ್ದರೆ ನನಗೆ ಹಾಯೆನಿಸುತ್ತಿತ್ತು.

ಮನೆಯಲ್ಲಿ ಕಸ್ತೂರಿ ಮಗಳಿಗೆ ಅನ್ನವನ್ನು ಹಾಲಿನಲ್ಲಿ ಚೆನ್ನಾಗಿ ಕಿವುಚಿ, ಬಲಗಡೆಯಿಂದ ನುಂಗು ಎಂದು ತಾನೇ ತಿನ್ನಿಸಿದಳು. ಗಾಳಿ ಬೇಡ ಎನ್ನುವವಳಿಗೆ ಹಲ್ಲು ಬೀಳಬಾರದು ಎಂಬ ಕಾಳಜಿ ಯಾಕೋ! ಇನ್ನೊಂದು ದಿನ ಬಿಟ್ಟು ಮತ್ತೆ ಹೋದೆ. ಈ ಸಲ ಎರಡನೆಯ ವಾಕ್ಯದ ನಡುವೆಯೇ ನಾಲಿಗೆ ಒಣಗಿತು. ಪುಟ್ಟಮಾದಯ್ಯನವರು ಎರಡು ಬೆರಳು ಎತ್ತಿ ತೋರಿಸಿ, ಮುಖ ಬೇರೆ ಕಡೆ ತಿರುಗಿಸಿಕೊಂಡರು. ಅವರು ಒಳ್ಳೆಯ ಮನುಷ್ಯರು.

ಆ ಸಂಜೆ ದೀಪ ಹಚ್ಚಿದ ಮೇಲೆ ಅವ್ವ ಜಗುಲಿಯಲ್ಲಿ ಕೂತು ನೀಲಿ ಅಂಗಿಯ ಮೇಲಿನ ದಾರದ ತುಂಡುಗಳನ್ನು ಆಯುತ್ತಿದ್ದಳು. ಪಕ್ಕದಲ್ಲಿ ಹೋಗಿ ಕೂತೆ. "ಅವ್ವಾ, ಅವತ್ತು ನಿಂಗ್ಯಾಕೆ ಹೇಳಕ್ಕಾಗ್ಲಿಲ್ಲ?" ಎಂದು ಕೇಳಿದೆ. ಇಷ್ಟು ವರ್ಷದಲ್ಲಿ ಮೊದಲ ಸಲ ಕೇಳಿದ್ದು.

"ನಾಗವೇಣಿ ಅಂಗಿ ಹೊಲ್ದೋಳು ನಾನು" ಅಂದಳು.

ಅದೇನೂ ಗುಟ್ಟಲ್ಲ. ಊರಲ್ಲಿ ಅಂಗಿ ಹೊಲಿಯುವವಳು ಅವಳೊಬ್ಬಳೇ ಆಗಿದ್ದಳು. ಆದರೂ ಆ ಹುಡುಗಿಯನ್ನೂ ನನ್ನ ಅವ್ವನನ್ನೂ ಒಟ್ಟಿಗೆ ಇಟ್ಟು ನಾನು ಒಮ್ಮೆಯೂ ಯೋಚಿಸಿರಲಿಲ್ಲ.

"ಅಂಗೀದೇನೂ ತಪ್ಪಿರ್ಲಿಲ್ಲ ಕಣೋ. ಹಲ್ಲು ಹೋಯ್ತು, ಮಗು ಹೋಯ್ತು. ಆದ್ರೂ ಯಾರಾದ್ರೂ ಬಂದು ಕೇಳ್ತಾರೆ ಅಂತ ಕಾಯ್ತಾ ಕೂತಿದ್ದೆ. ತೋಳು ಬಿಗಿ ಮಾಡಿದ್ಯಾ, ಹೊಲಿಗೆ ಸಡಿಲ ಬಿಟ್ಟಿದ್ಯಾ ಅಂತ. ಒಬ್ರೂ ಬರ್ಲಿಲ್ಲ. ಅನಂತರಾಮಯ್ಯನೋರೂ ಬರ್ಲಿಲ್ಲ. ಕಾಗದದಲ್ಲಿ ಬರ್ದ್‌ಬಿಟ್ಟಿದ್ರಲ್ಲ, ಕೇಳಂಗಿಲ್ಲ ಅಂತ. ಕೇಳಿದ್ರೆ ಚೆನ್ನಾಗಿತ್ತು. ಮನೆ ಮುಂದೆ ನಿಂತು ಉಗಿದಿದ್ರೆ ಅವತ್ತಿಗೆ ಮುಗೀತಿತ್ತು." ಒಂದು ದಾರವನ್ನು ಕಿತ್ತು ಬೆರಳಿಗೆ ಸುತ್ತಿಕೊಂಡಳು. "ಯಾರದೋ ಮಗೀಗೇ ವರ್ಷಪೂರ್ತಿ ನನ್ನ ನಾನು ಬೈಕೊಂಡು ಕೂತಿದ್ದೋಳು. ನಿನ್ನ ಪಕ್ಕದಲ್ಲಿ ನಿಲ್ಲಿಸ್ಕೊಂಡು, ಬೈಕೊಳ್ಳಲ್ಲ ಅಂತ ಹೆಂಗೆ ಹೇಳ್ಲಿ? ನಂಗೆ ಸುಳ್ಳು ಹೇಳಕ್ಕೆ ಬರಲ್ಲ."

ನನಗೆ ಅಳು ಬಂತು. ಅವ್ವನಿಗೆ ನನ್ನ ಮೇಲೆ ನಂಬಿಕೆಯಿರಲಿಲ್ಲ, ಅಥವಾ ನನ್ನ ಆಸೆ ಅವಳಿಗೆ ದೊಡ್ಡದಾಗಿ ಕಂಡಿರಲಿಲ್ಲ ಎಂದು ಎಣಿಸಿಕೊಂಡೇ ನಾನು ನಲವತ್ತು ದಾಟಿದ್ದೆ. ಅವಳ ಮುಂದೆ ಅತ್ತರೆ ಅವಳೂ ಅಳುತ್ತಾಳೆ ಎಂದು ಬಚ್ಚಲಿಗೆ ಹೋಗಿ ಮುಖ ತೊಳೆದುಕೊಂಡೆ.

ಯುಗಾದಿಯ ಹಿಂದಿನ ದಿನ ನಾಲ್ವರೂ ಹೋದೆವು. ಅವ್ವ ಕೋಲು ಹಿಡಿದು, ನಿಂತು ನಿಂತು ಬಂದಳು. ನನಗಾಗಿ ತಡವರಿಸಿದ ಆ ಮೂರನೆಯ ದಿನದ ನಂತರ ಅವಳು ಅಂಚಿಗೆ ಬಂದದ್ದು ಅದೇ ಮೊದಲು. ಪುಟ್ಟಮಾದಯ್ಯನವರು ಹಲ್ಲು ಹಿಡಿದು ಎಳೆದರು. ಬಹಳ ಅಲ್ಲಾಡಿತು, ಬರಲಿಲ್ಲ. "ಇವತ್ತಿಗಿದೆ" ಅಂದರು. ನಾಳೆಯ ಮಾತು ಅವರೂ ಆಡಲಿಲ್ಲ, ನಾವೂ ಆಡಲಿಲ್ಲ. ನಾನು ಕೈಮುಗಿದು ಬಾಯಿ ತೆರೆಯುವಷ್ಟರಲ್ಲಿ ಅವ್ವ ನನ್ನ ತೋಳು ಹಿಡಿದು ಹಿಂದಕ್ಕೆ ಸರಿಸಿದಳು.

"ನಾನು ಹೇಳ್ತೀನಿ. ಅಜ್ಜಿ ಹೇಳಬೌದು ತಾನೆ?"

"ಹೇಳಬಹುದು ದೊಡ್ಡತಾಯಮ್ಮ" ಅಂದರು ಪುಟ್ಟಮಾದಯ್ಯ. "ಇದೇ ಕೊನೇದು ಅಂತ ಗೊತ್ತಲ್ಲ?"

ಅವ್ವ ಕೋಲನ್ನು ಕಸ್ತೂರಿಯ ಕೈಗೆ ಕೊಟ್ಟಳು. ಸೆರಗು ಸರಿಮಾಡಿಕೊಂಡು ನೆಟ್ಟಗೆ ನಿಂತಳು. "ನನ್ನ ಮಗ ಮಾಲಿಂಗನ್ನ ನಾನು ನನ್ನಿಷ್ಟದಿಂದ ಗಾಳಿಗೆ ಬಿಡ್ತಿದ್ದೀನಿ" ಅಂದಳು. "ಅವನಿಗೆ ಏನಾದ್ರೂ ಆದ್ರೆ ಊರನ್ನಾಗ್ಲಿ, ಕಚೇರಿಯನ್ನಾಗ್ಲಿ, ಅಂಗಿ ಹೊಲಿದೋರನ್ನಾಗ್ಲಿ, ಗಾಳಿಯನ್ನಾಗ್ಲಿ ದೂರೋದಿಲ್ಲ. ನನ್ನನ್ನೂ ನಾನು ದೂರ್ಕೊಳ್ಳೋದಿಲ್ಲ."

ಒಂದು ಕಡೆಯೂ ನಿಲ್ಲಲಿಲ್ಲ. ಹೇಳಿ ಮುಗಿಸಿ, ಗೆದ್ದವಳಂತೆ ನಮ್ಮೆಲ್ಲರ ಮುಖ ನೋಡಿದಳು. ಮಗಳು ನನ್ನ ತೋಳು ಜಗ್ಗಿದಳು. "ಯಾಕೆ? ಎಲ್ಲಾದ್ರೂ ತಪ್ಪಿದ್ನಾ?" ಅಂದಳು.

"ತಪ್ಪಲಿಲ್ಲ. ಎಲ್ಲೂ ತಡವರಿಸಲಿಲ್ಲ" ಅಂದರು ಪುಟ್ಟಮಾದಯ್ಯ, ಬಹಳ ಮೆಲ್ಲಗೆ. "ಆದರೆ ಮಗೂ ಹೆಸರು ಚಾರುಮತಿ."

ಅವ್ವ ಬಾಯಿಗೆ ಕೈ ಅಡ್ಡ ಇಟ್ಟುಕೊಂಡಳು. "ಅಯ್ಯೋ ನನ್ನ ನಾಲಿಗೆ ಸುಡ್ಲಿ" ಅಂದಳು. "ಇಷ್ಟು ವರ್ಷ ದಿನಾ ಹಂಗೇ ಹೇಳ್ಕೊಂಡು ಹೇಳ್ಕೊಂಡು, ಅದೇ ಕೂತ್‌ಬಿಟ್ಟದೆ ಕಣಪ್ಪ. ಮಗಾ, ಕೆಡಿಸಿಬಿಟ್ನಲ್ಲೇ ನಿಂದು." ಮೊಮ್ಮಗಳ ಕೆನ್ನೆ ಹಿಡಿದುಕೊಂಡಳು.

ಪುಟ್ಟಮಾದಯ್ಯನವರು ನನ್ನ ಕಡೆ ತಿರುಗಿದರು. "ಮಾಲಿಂಗಣ್ಣ, ನಿಮ್ಮ ಬಾಯಲ್ಲಿ ಹಾಲುಹಲ್ಲು ಏನಾದ್ರೂ ಇದೆಯಾ?" ನಗದೆ ಕೇಳಿದರು. ಇಲ್ಲ ಅಂದೆ. "ಹಾಗಾದರೆ ಆ ಒಪ್ಪಿಗೆ ನಡೆಯಲ್ಲ. ಮಗುವಿನ ಸರದಿ ಇನ್ನೂ ಮುಗಿದಿಲ್ಲ. ನೀವೇ ಹೇಳಿ."

ಹೇಳಿದೆ. ಮಗಳ ಹೆಸರು ಹಿಡಿದು, ಅವಳ ಕಣ್ಣು ನೋಡುತ್ತಲೇ, ಮೂರನ್ನೂ ಹೇಳಿದೆ. ಮೂರನೆಯದು ಸುಳ್ಳು ಎಂದು ಹೇಳುವಾಗಲೇ ಗೊತ್ತಿತ್ತು. ಅವಳಿಗೇನಾದರೂ ಆದರೆ ನಾನು ಸಾಯುವವರೆಗೂ ನನ್ನನ್ನೇ ದೂರಿಕೊಂಡು ಕೂರುವವನು. ಮಗುವನ್ನು ಮೇಲೆ ಕಳಿಸುವ ತಂದೆತಾಯಂದಿರೆಲ್ಲ ಈ ಸುಳ್ಳನ್ನು ಹೇಳಿಯೇ ಕಳಿಸುತ್ತಾರೆ ಎಂದು ಆಗ ಹೊಳೆಯಿತು. ಅದನ್ನು ಹೇಳಲಾರದೆ ಹೋದವಳು ನನ್ನ ಅವ್ವ ಒಬ್ಬಳೇ.

ಮಗಳ ಕೈ ತಣ್ಣಗಿತ್ತು. "ಹೋಗ್ಲಾ?" ಅಂದಳು. "ಹೋಗು" ಅಂದೆ. ಅವಳು ಓಡಿದ್ದು ನೋಡಿದೆ, ಬಂಡೆ ಮುಗಿದದ್ದು ನೋಡಿದೆ, ಒಂದು ಕ್ಷಣ ಏನೂ ಕಾಣಲಿಲ್ಲ. ಆಮೇಲೆ ಅಂಚಿನ ಕೆಳಗಿನಿಂದ ನೀಲಿ ಅಂಗಿ ಮೇಲೆದ್ದು ಬಂತು. ನಾನು ಅಳತೆ ಹಿಡಿದು ಬಿಟ್ಟಿದ್ದ ಬಟ್ಟೆಯೆಲ್ಲ ತುಂಬಿಕೊಂಡು ಬಿಗಿಯಾಗಿತ್ತು. ಚಾರು ಕಿರುಚಿದಳು, ಆಮೇಲೆ ನಕ್ಕಳು, ಮಗುಚಿಕೊಂಡಳು, ಉಳಿದ ಮಕ್ಕಳ ನಡುವೆ ಎತ್ತರಕ್ಕೆ ಹೋದಳು. ಜೋಕಾಲಿಗೆ ಹೆದರುವ ಹುಡುಗಿ ಇವಳೇನಾ ಅನಿಸಿತು.

ಕಸ್ತೂರಿ ಕಣಿವೆಗೆ ಬೆನ್ನು ಮಾಡಿ, ಕಣ್ಣುಮುಚ್ಚಿ ನಿಂತಿದ್ದಳು. "ಅದಾಳೇನ್ರಿ?" ಎಂದು ಗಳಿಗೆಗೊಮ್ಮೆ ಕೇಳುತ್ತಿದ್ದಳು. "ಇದ್ದಾಳೆ" ಅನ್ನುತ್ತಿದ್ದೆ. "ಇನ್ನೂ ಅದಾಳೇನ್ರಿ?" "ಇನ್ನೂ ಇದ್ದಾಳೆ. ನೋಡು." "ನಾ ಒಲ್ಲೆ. ನೀವ ನೋಡ್ರಿ, ಕಣ್ಣ ಮುಚ್ಚಬ್ಯಾಡ್ರಿ." ಮುಚ್ಚುವ ಮಾತೆಲ್ಲಿ ಬಂತು? ಕತ್ತು ನೋಯುವಷ್ಟು ನೋಡಿದೆ. ಸಂತೋಷದಿಂದ ಎದೆ ತುಂಬಿತ್ತು, ಅದರ ಜೊತೆಗೇ ಹೊಟ್ಟೆಕಿಚ್ಚೂ ಇತ್ತು. ಮಗಳ ಮೇಲೆ ಹೊಟ್ಟೆಕಿಚ್ಚೇ ಎಂದು ನೀವು ಹುಬ್ಬೇರಿಸಬಹುದು, ಏರಿಸಿ. ಅಲ್ಲಿ ನಾನೂ ಇರಬೇಕಿತ್ತು ಎಂದು ಹತ್ತು ವರ್ಷದವನಿಗೆ ಎಷ್ಟು ಅನಿಸಿತ್ತೋ ಅಷ್ಟೇ, ಕೂದಲು ನರೆಯುತ್ತಿರುವ ಈ ವಯಸ್ಸಿನಲ್ಲೂ ಅನಿಸಿತು.

ಅವ್ವ ಬಂದು ಪಕ್ಕದಲ್ಲಿ ನಿಂತಳು. "ನಿನ್ನ ಬಿಡಬೇಕಿತ್ತು ಕಣೋ ಮಾಲಿಂಗ" ಅಂದಳು.

ಈ ಮಾತು ಬಂದ ದಿನ ಏನೇನು ಅನ್ನಬೇಕೆಂದು ನಾನು ಹುಡುಗನಿದ್ದಾಗಿನಿಂದ ಉತ್ತರ ಕೂಡಿಟ್ಟಿದ್ದೆ. ಕೆಲವು ಬಹಳ ಕಟುವಾಗಿದ್ದವು. ಅವಳ ಕೈಯನ್ನು ನನ್ನ ಕೈಯಲ್ಲಿ ತೆಗೆದುಕೊಂಡೆ.

"ಹೋಗ್ಲಿ ಬಿಡವ್ವ" ಅಂದೆ. "ಬಿದ್ದಿದ್ದರೆ?"

ಅವ್ವ ಕಣ್ಣಿಗೆ ಕೈ ಮರೆಮಾಡಿ ಮೇಲೆ ನೋಡಿದಳು. ಮಕ್ಕಳೆಲ್ಲ ಆಗ ಬಹಳ ಎತ್ತರದಲ್ಲಿದ್ದರು, ಯಾರು ಯಾರ ಮಗು ಎಂದು ಕೆಳಗಿನಿಂದ ಗುರುತು ಸಿಗುತ್ತಿರಲಿಲ್ಲ. ಅವಳು ಒಬ್ಬೊಬ್ಬರನ್ನೇ ಹುಡುಕಿ ಹುಡುಕಿ ನೋಡಿದಳು.

"ನೀನು ಬೀಳ್ತಿರ್ಲಿಲ್ಲ" ಅಂದಳು.